ನಿಲ್ದಾಣ ಸ್ಥಾವರ, ರೈಲು ಜಂಗಮ

ಸ್ಥಾವರ ಮತ್ತು ಜಂಗಮ ಎಂಬ ಎರಡು ಪದಗಳು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಪರಿಚಿತವಾದವು. ನೆಟ್ಟು ನಿಂತದ್ದು ಸ್ಥಾವರ. ಚೈತನ್ಯದಿಂದ ಕೂಡಿ ಚಲಿಸುವುದು ಜಂಗಮ. ಕಟ್ಟಿದ್ದನ್ನು ಕಾಯುವುದಷ್ಟರಿಂದಲೇ ಧರ್ಮ ಪೂರ್ಣವಾಗದು. ಕಟ್ಟಿದ್ದರೊಳಗೆ ಜೀವ ಸಂಚರಿಸುತ್ತಿರಬೇಕು ಎಂಬುದನ್ನು ಶರಣರು ತಮ್ಮ ನಡೆಯಿಂದಲೇ ತೋರಿಸಿಕೊಟ್ಟರು. ಈ ತಿಂಗಳ ಅಂಕಣದಲ್ಲಿ ಆ ವಿಚಾರವನ್ನು ನಮ್ಮ ಮನೆಯಂಗಳಕ್ಕೆ ಸಮೀಪವಾಗಿರುವ ಒಂದು ಹಳೆಯ ರೈಲುದಾರಿಗೆ ಅನ್ವಯಿಸಿ ನೋಡುವುದು ಉಚಿತವೆನಿಸುತ್ತದೆ.

ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ರೈಲನ್ನು ಅರಿಯದವರೇನೂ ಅಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲೆಂದು ಹುಬ್ಬಳ್ಳಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದವರಲ್ಲಿ ಅನೇಕರಿಗೆ ಮಹಾನಗರದ ಮೊದಲ ದರ್ಶನವಾದುದೇ ಯಶವಂತಪುರದ ನಿಲ್ದಾಣದಲ್ಲಿ. ವೈಟ್‌ಫೀಲ್ಡಿನ ಗಣಕಯಂತ್ರ ಕಚೇರಿಗಳ ಪಕ್ಕದಲ್ಲೇ ಹಾದುಹೋಗುವ ಹಳಿ ಸಾಮಾನ್ಯದ್ದಲ್ಲ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ಬಂದುದು ಅದೇ ದಾರಿಯಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ ಹೀಲಲಿಗೆ ನಿಲ್ದಾಣ ಸಮೀಪದಲ್ಲಿದೆ. ಯಲಹಂಕದಲ್ಲಿಯಂತೂ 1984ರಲ್ಲಿ ಆರಂಭವಾದ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆಯಿದ್ದು, ದೇಶದ ಉದ್ದಗಲಕ್ಕೂ ಓಡುವ ಅಸಂಖ್ಯ ರೈಲುಗಳು ಅಲ್ಲಿ ಎರಕಹೊಯ್ದ ಗಾಲಿಗಳ ಮೇಲೆ ಉರುಳುತ್ತವೆ. ಹೀಗೆ ನಾವು ರೈಲಿನ ನಡುವೆಯೇ ಬದುಕುತ್ತಿದ್ದೇವೆ. ಆದರೂ ಆ ಹಳಿಗಳನ್ನು ಯಾರು ಹಾಕಿದರು, ಏಕೆ ಹಾಕಿದರು, ಅವುಗಳ ಪಕ್ಕದಲ್ಲಿ ಹಾಳುಬಿದ್ದಿರುವ ಹೆಂಚಿನ ಮಾಡಿನ ಪುಟ್ಟ ಕಟ್ಟಡಗಳು ಯಾವುವು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ.

ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯು ಅಂತಹ ಒಂದು ಉತ್ತರವನ್ನು ತನ್ನೊಳಗೆ ಇಟ್ಟುಕೊಂಡಿದೆ.

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದುದು 1912ರಿಂದ 1918ರವರೆಗೆ. ಅಣೆಕಟ್ಟು, ಬ್ಯಾಂಕು, ವಿಶ್ವವಿದ್ಯಾನಿಲಯಗಳ ಸ್ಥಾಪನೆಯೊಂದಿಗೆ ಸಂಸ್ಥಾನದ ಒಳನಾಡಿಗೆ ರೈಲುದಾರಿಗಳನ್ನು ಒಯ್ಯುವ ಕಾರ್ಯವೂ ಆ ಕಾಲದಲ್ಲಿ ಚುರುಕುಗೊಂಡಿತು. ಕೋಲಾರ ಸೀಮೆಯಲ್ಲಿ, ಈಗ ಬಂಗಾರಪೇಟೆ ಎಂದು ಕರೆಯಲ್ಪಡುವ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಕಿರಿದಾದ ಹಳಿ ಬಂದಿತು. ಇತ್ತ ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲ್ವೆ ಎಂಬ ಕಂಪನಿಯ ದಾರಿ 1915ರಲ್ಲಿ ತೆರೆಯಿತು. ಅನಂತರದ ವರ್ಷಗಳಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಎರಡು ತುದಿಗಳೂ ಕೂಡಿಕೊಂಡವು. ದಿವಾನರ ಹುಟ್ಟೂರಾದ ಮುದ್ದೇನಹಳ್ಳಿಯೂ ನಂದಿಬೆಟ್ಟದ ಮಗ್ಗುಲಿನ ಇದೇ ಸೀಮೆಯದು ಎಂಬುದನ್ನು ಓದುಗರು ನೆನಪಿಡಬಹುದು.

ಆ ಹಳಿಗಳ ನಡುವಿನ ಅಂತರ ಕೇವಲ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರು. ಇಂದಿನ ಬ್ರಾಡ್‌ಗೇಜ್ ಹಳಿಯ ಅಗಲ ಐದೂವರೆ ಅಡಿ. ಕಿರಿದು ಮಾಡಿದುದಕ್ಕೆ ಕಾರಣ ಸ್ಪಷ್ಟವಾಗಿತ್ತು. ಹಳಿ ಕಿರಿದಾದಷ್ಟೂ ಬಾಗುಗಳನ್ನು ಬಿಗಿಯಾಗಿ ತಿರುಗಿಸಬಹುದು. ಗುಡ್ಡವನ್ನು ಒಡೆಯದೆ ಬಳಸಿಕೊಂಡು ಹೋಗಬಹುದು. ಉಕ್ಕು, ಮರದ ದಿಮ್ಮಿ, ಸೇತುವೆಗಳ ಖರ್ಚು ಕಡಿಮೆ. ಹಣ ಸ್ವಲ್ಪ, ಆಸೆ ದೊಡ್ಡದು ಎಂಬ ಸ್ಥಿತಿಯಲ್ಲಿದ್ದ ನಾಡಿಗೆ ಅದೇ ಸರಿಯಾದ ಅಳತೆ. ರೇಷ್ಮೆ, ಆಲೂಗಡ್ಡೆ, ತರಕಾರಿಗಳ ಈ ಬಯಲುಸೀಮೆಗೆ ಆ ಪುಟ್ಟ ರೈಲು ಪೇಟೆಯ ಬಾಗಿಲನ್ನು ತೆರೆಯಿತು.

ಆದರೆ ಕಿರಿದಾದ ಹಳಿಗೆ ಒಂದು ದೊಡ್ಡ ಕೊರತೆಯೂ ಇತ್ತು. ಬೇರೆ ಅಳತೆಯ ಹಳಿ ಎದುರಾದ ಕಡೆಯಲ್ಲಿ ಸರಕನ್ನೆಲ್ಲ ಇಳಿಸಿ ಮತ್ತೊಂದು ಬಂಡಿಗೆ ಏರಿಸಬೇಕು. ಕೂಲಿ, ಕಾಲ, ನಷ್ಟ ಎಲ್ಲವೂ ಹೆಚ್ಚು. ಲಾರಿಗಳು ಬಂದ ಮೇಲೆ ರೈತನು ಹೊಲದಿಂದಲೇ ನೇರವಾಗಿ ಪೇಟೆಗೆ ಸರಕು ಸಾಗಿಸತೊಡಗಿದನು. 1992ರಲ್ಲಿ ಭಾರತೀಯ ರೈಲ್ವೆಯು ದೇಶದ ಹಳಿಗಳನ್ನೆಲ್ಲ ಸಾಧ್ಯವಾದಷ್ಟು ಒಂದೇ ಅಳತೆಗೆ ತರುವ ಯೋಜನೆಯನ್ನು ಕೈಗೊಂಡಿತು. ಆ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ದಾರಿಯು ಬ್ರಾಡ್‌ಗೇಜಿಗೆ ಪರಿವರ್ತನೆಗೊಂಡಿತು. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಹೋಗುವ ಭಾಗವು 2013ರಲ್ಲಿ ಹೊಸ ಹಳಿಯೊಡನೆ ತೆರೆಯಿತು. ಪ್ರಯಾಣಿಕರಿಗೆ ಇದರಿಂದ ಅನುಕೂಲವೇ ಆಯಿತು. ಅದನ್ನು ಹಳಿಯುವುದು ಸಲ್ಲದು.

ಹಳಿ ಬದಲಾದಾಗ ಅನಾಥವಾದವು ನಿಲ್ದಾಣಗಳು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಮುಂತಾದ ಕಡೆಗಳಲ್ಲಿ ಕಲ್ಲಿನ ಗೋಡೆ, ಮರದ ತೊಲೆ, ಹೆಂಚಿನ ಮಾಡುಗಳಿಂದ ಕೂಡಿದ ಪುಟ್ಟ ಕಟ್ಟಡಗಳಿದ್ದವು. ಬಳಕೆ ತಪ್ಪಿದ ಮನೆಗೆ ಆಗುವುದೇ ಅವುಗಳಿಗೂ ಆಯಿತು. ಹೆಂಚು ಜಾರಿತು, ತೊಲೆಗೆ ಗೆದ್ದಲು ಹಿಡಿಯಿತು, ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಬೇರೂರಿತು. ವಿಮಾನ ನಿಲ್ದಾಣದ ಹೆದ್ದಾರಿಯಲ್ಲಿ ದಿನವೂ ಸಾವಿರಾರು ವಾಹನಗಳು ಹಾಯುತ್ತಿದ್ದರೂ, ಸ್ವಲ್ಪವೇ ದೂರದಲ್ಲಿ ನೂರು ವರ್ಷದ ಚರಿತ್ರೆ ಕುಸಿಯುತ್ತಿರುವುದನ್ನು ಕಂಡವರು ವಿರಳ.

ಕಂಡವರಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ಪ್ರಮುಖರು. 1984ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಯು ದೇಶದ ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ರಕ್ಷಣೆಗೆ ದುಡಿಯುತ್ತಿದ್ದು, ಸೇವಾಸಕ್ತರ ಶ್ರಮದಿಂದ ನಡೆಯುವಂಥದು. ಅದರ ಬೆಂಗಳೂರು ಶಾಖೆಯು ರೈಲ್ವೆ ಇಲಾಖೆಯ ಸಮ್ಮತಿಯೊಡನೆ ಈ ದಾರಿಯ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರವನ್ನು ಕೈಗೆತ್ತಿಕೊಂಡಿತು. ಪುರಾತನ ಕಟ್ಟಡವನ್ನು ಕೆಡವಿ ಸಿಮೆಂಟಿನ ಹೊಸ ಕಟ್ಟಡ ಕಟ್ಟುವುದು ಸುಲಭ. ಅದರ ಮೂಲ ಸ್ವರೂಪ ಕೆಡದಂತೆ ದುರಸ್ತಿ ಮಾಡುವುದು ಕಷ್ಟ. ಕಷ್ಟದ ದಾರಿಯನ್ನು ಆರಿಸಿಕೊಂಡವರಿಗೆ ನಾಡು ಕೃತಜ್ಞವಾಗಿರಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜೀರ್ಣೋದ್ಧಾರವಾದ ಕಟ್ಟಡವನ್ನು ಮರುದಿನದಿಂದ ನೋಡಿಕೊಳ್ಳುವವರು ಯಾರು? ಗುಡಿಯನ್ನು ಕಟ್ಟಿಸಿ ಪೂಜೆಯನ್ನು ಮರೆತಂತೆ, ನಿಲ್ದಾಣಕ್ಕೆ ಹೆಂಚು ಹೊದಿಸಿ ಜನಸಂಚಾರವನ್ನು ಮರೆತರೆ ಅದು ಕೇವಲ ಸ್ಥಾವರವಾಗಿ ಉಳಿಯುತ್ತದೆ. ನಾಲ್ಕು ಮಳೆಗಾಲ ಕಳೆದ ಮೇಲೆ ಗೋಡೆಯ ಬಿರುಕಿನಲ್ಲಿ ಅದೇ ಅರಳಿಯ ಸಸಿ ಮತ್ತೆ ಚಿಗುರುತ್ತದೆ.

ಈ ಪ್ರಶ್ನೆಗೆ ದೂರದ ಒಂದು ನಾಡಿನ ಸಾಮಾನ್ಯ ಜನರು ನೀಡಿದ ಉತ್ತರವನ್ನು ತಿಳಿಯುವುದು ಉಪಯುಕ್ತ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಟಾಲಿಲಿನ್ ಎಂಬ ಪುಟ್ಟ ರೈಲುದಾರಿಯಿದೆ. ಗಣಿಯಿಂದ ಚಪ್ಪಡಿ ಕಲ್ಲನ್ನು ಕರಾವಳಿಗೆ ಸಾಗಿಸಲೆಂದು 1865ರಲ್ಲಿ ಕಟ್ಟಿದ ಈ ದಾರಿಯ ಹಳಿ ನಮ್ಮ ಚಿಕ್ಕಬಳ್ಳಾಪುರದ ಹಳಿಗಿಂತಲೂ ಕಿರಿದು, ಕೇವಲ ಎರಡೂಕಾಲು ಅಡಿ. 1946ರ ಕೊನೆಯಲ್ಲಿ ಗಣಿ ಕುಸಿದು ಮುಚ್ಚಿಹೋಯಿತು. ಅದರ ಒಡೆಯರಾದ ಸರ್ ಹೇಡನ್ ಜೋನ್ಸ್ ಅವರು ತಾವು ಬದುಕಿರುವವರೆಗೆ ರೈಲನ್ನು ನಿಲ್ಲಿಸುವುದಿಲ್ಲವೆಂದು ನಷ್ಟದಲ್ಲಿಯೇ ನಡೆಸಿದರು. 1950ರಲ್ಲಿ ಅವರು ತೀರಿಕೊಂಡಾಗ ದಾರಿಯ ಕಥೆಯೂ ಮುಗಿಯಿತೆಂದೇ ಎಲ್ಲರೂ ಭಾವಿಸಿದರು.

ಆಗ ಎಲ್.ಟಿ.ಸಿ. ರೋಲ್ಟ್ ಎಂಬ ಲೇಖಕರೂ ಅವರ ಮಿತ್ರರೂ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಭೆ ಸೇರಿ, ಸಂಬಳವಿಲ್ಲದೆ ದುಡಿಯುವ ಜನರಿಂದಲೇ ರೈಲನ್ನು ನಡೆಸಬಹುದೆಂಬ ನಿರ್ಧಾರಕ್ಕೆ ಬಂದರು. ಅದುವರೆಗೆ ಪ್ರಪಂಚದಲ್ಲಿ ಎಲ್ಲಿಯೂ ಹಾಗೆ ನಡೆದಿರಲಿಲ್ಲ. ಹಳಿಗಳು ಸವೆದು ಹುಲ್ಲಿನಲ್ಲಿ ಹೂತುಹೋಗಿದ್ದವು. ಎರಡು ಎಂಜಿನುಗಳ ಪೈಕಿ ಓಡುವ ಸ್ಥಿತಿಯಲ್ಲಿದ್ದುದು ಒಂದೇ. ಪಕ್ಕದ ಸೀಮೆಯಲ್ಲಿ ಮುಚ್ಚಿಹೋದ ಇನ್ನೊಂದು ಪುಟ್ಟ ರೈಲ್ವೆಯ ಎರಡು ಎಂಜಿನುಗಳನ್ನು ತಲಾ 25 ಪೌಂಡಿಗೆ ಕೊಂಡು ತಂದರು. 1951ರ ಮೇ 14ರಂದು ಸೇವಾಸಕ್ತರು ನಡೆಸಿದ ಮೊದಲ ರೈಲು ಹೊರಟಿತು. ಅಂದಿನಿಂದ ಇಂದಿನವರೆಗೆ ಆ ರೈಲು ಓಡುತ್ತಿದೆ. ಮಕ್ಕಳು ಮೆಚ್ಚುವ 'ಥಾಮಸ್' ಎಂಬ ರೈಲು ಎಂಜಿನಿನ ಕಥೆಗಳನ್ನು ಬರೆದ ಆಡ್ರಿ ಎಂಬವರು ವೃತ್ತಿಯಿಂದ ಪಾದ್ರಿಗಳು; ಅವರೂ 1952ರಲ್ಲಿ ಅಲ್ಲಿಗೆ ಹೋಗಿ ಗಾರ್ಡಿನ ಕೆಲಸ ಮಾಡಿದರು. ಆ ಚಪ್ಪಡಿ ಕಲ್ಲಿನ ಸೀಮೆ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಈ ರೈಲುದಾರಿಗೂ ಅದರಲ್ಲಿ ಸ್ಥಾನ ದೊರೆಯಿತು.

ಅಲ್ಲಿ ಕೆಲಸ ನಡೆಯುವ ಕ್ರಮವನ್ನು ನಾವು ಗಮನಿಸಬೇಕು. ಸೇವೆಗೆಂದು ಬಂದವರನ್ನು ಯಾರೂ ನೇರವಾಗಿ ಎಂಜಿನಿನ ಮೇಲೆ ಕೂರಿಸುವುದಿಲ್ಲ. ಮೊದಲು ಎಂಜಿನನ್ನು ಒರೆಸಿ ಶುಚಿ ಮಾಡಬೇಕು. ಬಳಿಕ ಬೆಂಕಿ ಹಾಕುವುದನ್ನು ಕಲಿಯಬೇಕು. ವರ್ಷಗಳ ಅಭ್ಯಾಸವಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಅನಂತರವೇ ಚಾಲಕನ ಸ್ಥಾನ. ವೈದ್ಯನಾಗಲಿ, ಅಧ್ಯಾಪಕನಾಗಲಿ, ಕಾರ್ಖಾನೆಯ ಒಡೆಯನಾಗಲಿ ಈ ಮೆಟ್ಟಿಲುಗಳನ್ನು ಏರಿಯೇ ಬರಬೇಕು. ಟಿಕೆಟ್ಟು ಕೊಡುವವರು, ಬೇಲಿ ಸವರುವವರು, ಚರಂಡಿ ಬಿಡಿಸುವವರು, ಚಹಾ ಕಾಸುವವರು ಎಲ್ಲರೂ ಒಂದೇ ಸಂಘದ ಸದಸ್ಯರು. ಇದರ ಜೊತೆಗೆ ಸಂಬಳ ಪಡೆಯುವ ಕೆಲವರು ನುರಿತ ಕೆಲಸಗಾರರೂ ಅಲ್ಲಿರುತ್ತಾರೆ. ಏಕೆಂದರೆ ದಿನನಿತ್ಯದ ಹೊಣೆಯನ್ನು ಬಿಡುವಿನ ವೇಳೆಯ ಉತ್ಸಾಹಕ್ಕೆ ಬಿಡುವಂತಿಲ್ಲ.

ಶರಣ ಬಂಧುಗಳೆ, ಇದನ್ನು ಓದುವಾಗ ನಮಗೆ ಕಲ್ಯಾಣದ ನೆನಪಾಗದಿರದು. ಹನ್ನೆರಡನೆಯ ಶತಮಾನದ ಆ ಮಹಾಮನೆಯಲ್ಲಿ ಮಂತ್ರಿಯೂ ಮಡಿವಾಳನೂ ಒಂದೇ ನೆಲದ ಮೇಲೆ ಕುಳಿತರು. ಅಲ್ಲಿ ಶರಣರ ಹೆಸರಿನೊಡನೆ ಅವರ ಕಾಯಕವೂ ಹೆಮ್ಮೆಯಿಂದ ಸೇರಿಕೊಂಡಿತು. ಅಂಬಿಗರ ಚೌಡಯ್ಯನವರನ್ನು ನೆನೆಯಿರಿ. ಈ ದಡದ ಜನರನ್ನು ಆ ದಡಕ್ಕೆ ಕ್ಷೇಮವಾಗಿ ಮುಟ್ಟಿಸುವುದು ಅವರ ಕಾಯಕ. ದೋಣಿ ಹಾಕುವುದು ಕಾಯಕವಾದರೆ, ಸಾವಿರ ಜನರನ್ನು ಹೊತ್ತ ಬಂಡಿಯನ್ನು ರಾತ್ರಿಯೆಲ್ಲ ಎಚ್ಚರವಿದ್ದು ನಡೆಸುವುದೂ ಕಾಯಕವೇ. ಬೆಳಗಿನ ಚಳಿಯಲ್ಲಿ ಸುತ್ತಿಗೆ ಹಿಡಿದು, ಹಳಿಯ ಒಂದೊಂದು ಕೀಲನ್ನೂ ನೋಡುತ್ತ ಮೈಲುಗಟ್ಟಲೆ ನಡೆಯುವ ಕೀಮನ್ನನ ನಡಿಗೆಯೂ ಕಾಯಕವೇ. ನಮ್ಮ ಮಕ್ಕಳಿಗೆ ವಿಮಾನದ ಪೈಲಟ್ಟಿನ ಬಗ್ಗೆ ಇರುವ ಗೌರವದಲ್ಲಿ ನಾಲ್ಕನೆಯ ಒಂದು ಪಾಲಾದರೂ ಈ ಕೀಮನ್ನನ ಬಗ್ಗೆ ಇದೆಯೇ ಎಂದು ಪ್ರತಿ ಮನೆಯವರೂ ಕೇಳಿಕೊಳ್ಳಬೇಕು.

ಕಾಯಕದಿಂದ ಬಂದುದನ್ನು ಸಮಾಜಕ್ಕೆ ಹಿಂತಿರುಗಿಸುವುದು ದಾಸೋಹ. ಈ ಎರಡರ ನಡುವಿನ ಗಡಿಯನ್ನು ನಾವು ಮಸುಕಾಗಿಸಬಾರದು. ಸೇವೆಯ ಹೆಸರಿನಲ್ಲಿ ನಾಲ್ಕು ಜನ ಉದ್ಯೋಗಸ್ಥರು ಭಾನುವಾರ ಹೋಗಿ ಪುಕ್ಕಟೆಯಾಗಿ ಕೆಲಸ ಮಾಡಿಬಂದುದರಿಂದ ಒಬ್ಬ ಬಡವನ ಕೂಲಿ ತಪ್ಪಿತೆಂದರೆ, ಅದು ದಾಸೋಹವಾಗದು. ಇನ್ನೊಬ್ಬರ ಕಾಯಕದ ಅಪಹರಣವಾಗುತ್ತದೆ. ಹಳಿ ರಿಪೇರಿ, ಸಿಗ್ನಲ್ಲು, ಗೇಟು, ಕಟ್ಟಡದ ನುರಿತ ಗಾರೆ ಕೆಲಸ ಇವು ಸಂಬಳ ಕೊಟ್ಟು ಮಾಡಿಸಬೇಕಾದವು. ಸಂಬಳ ಕೊಟ್ಟು ಯಾರೂ ಮಾಡಿಸದ, ಆದರೆ ಮಾಡದಿದ್ದರೆ ಪರಂಪರೆ ಸತ್ತುಹೋಗುವ ಕೆಲಸಗಳು ಬೇರೆ ಇವೆ. ಅವೇ ನಮ್ಮ ದಾಸೋಹದ ಕ್ಷೇತ್ರ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ಇಲ್ಲಿ ದಾರಿದೀಪವಾಗಬಲ್ಲದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ತಮಗೆ ಬೇಕಾದುದಕ್ಕಿಂತ ಹೆಚ್ಚಾದುದನ್ನು ಅಲ್ಲಿಯೇ ಸುರಿದುಬರುವಂತೆ ಲಕ್ಕಮ್ಮನವರು ಕಳಿಸಿಕೊಟ್ಟರು. ಅಕ್ಕಿಯಂತೆ ಕಾಲವೂ ಒಂದು ಸಂಪತ್ತು. ವಾರದ ಆರು ದಿನ ಕಂಪನಿಗೂ ಸಂಸಾರಕ್ಕೂ ಕೊಟ್ಟ ಮೇಲೆ ಉಳಿಯುವ ಬಿಡುವಿನಲ್ಲಿ ನಮಗೆ ನಿಜವಾಗಿ ಬೇಕಾದುದೆಷ್ಟು, ಹೆಚ್ಚಾಗಿ ಆಯ್ದು ತಂದು ಮಾಲುಗಳಲ್ಲಿಯೂ ದೂರವಾಣಿಯ ಪರದೆಯ ಮುಂದೆಯೂ ಚೆಲ್ಲುತ್ತಿರುವುದೆಷ್ಟು ಎಂಬ ಲೆಕ್ಕವನ್ನು ಮನೆಯ ಲಕ್ಕಮ್ಮನವರು ಕೇಳಬೇಕಾಗಿದೆ.

ಹಾಗಾದರೆ ಟಾಲಿಲಿನ್ನಿನಂತೆ ನಮ್ಮವರೂ ಚಿಕ್ಕಬಳ್ಳಾಪುರಕ್ಕೆ ರೈಲನ್ನೇ ನಡೆಸಬಹುದೇ? ಸಾಧ್ಯವಿಲ್ಲ, ಮತ್ತು ಅದು ಬೇಕಾಗಿಯೂ ಇಲ್ಲ. ವೇಲ್ಸಿನದು ಉಳಿದ ಹಳಿಗಳಿಂದ ಬೇರೆಯಾಗಿ ನಿಂತ, ಸರಕು ಸಂಚಾರ ಮುಗಿದಿದ್ದ ದಾರಿ. ನಮ್ಮದು ದೇಶದ ರೈಲುಜಾಲದ ಜೀವಂತ ಅಂಗ. ಅದರ ಮೇಲೆ ರೈಲು ಓಡಿಸಲು ರೈಲ್ವೆ ಸುರಕ್ಷತಾ ಆಯುಕ್ತರ ಕಟ್ಟುನಿಟ್ಟಿನ ನಿಯಮಗಳಿವೆ. ನಮ್ಮ ದೇಶದ ಪ್ರಸಿದ್ಧ ಪಾರಂಪರಿಕ ರೈಲುಗಳನ್ನು ಕೂಡ ರೈಲ್ವೆ ಇಲಾಖೆಯೇ ನಡೆಸುತ್ತದೆ. 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಡಾರ್ಜಿಲಿಂಗಿನ ರೈಲು, 2005ರಲ್ಲಿ ಸೇರಿದ ನೀಲಗಿರಿಯ ರೈಲು, 2008ರಲ್ಲಿ ಸೇರಿದ ಕಾಲ್ಕಾ–ಶಿಮ್ಲಾ ರೈಲು ಎಲ್ಲವೂ ಹಾಗೆಯೇ. ಮೈಸೂರಿನ ರೈಲು ವಸ್ತುಸಂಗ್ರಹಾಲಯವನ್ನು 1979ರಲ್ಲಿ ಸ್ಥಾಪಿಸಿದುದೂ ಇಲಾಖೆಯೇ. ಆದುದರಿಂದ ಎಂಜಿನಿನ ಹಿಡಿಕೆ ಇಲಾಖೆಯ ಕೈಯಲ್ಲಿರಲಿ. ನಿಲ್ದಾಣದ ಜೀವ ನಮ್ಮ ಕೈಯಲ್ಲಿರಬಹುದು.

ಈ ದಾರಿಯ ಪ್ರಯಾಣವೇ ಒಂದು ತೀರ್ಥಯಾತ್ರೆಯಂತಿದೆ. ಯಲಹಂಕ ಬಿಟ್ಟೊಡನೆ ಬೆಟ್ಟಹಲಸೂರು, ದೊಡ್ಡಜಾಲ. ಮುಂದೆ ವಿಮಾನ ನಿಲ್ದಾಣದ ಹತ್ತಿರ 2021ರ ಜನವರಿಯಲ್ಲಿ ತೆರೆದ ಹಾಲ್ಟು. ಆಕಾಶದಲ್ಲಿ ವಿಮಾನ, ಕೆಳಗೆ ನೂರು ವರ್ಷದ ರೈಲುದಾರಿ! ಅದರಾಚೆ ಟಿಪ್ಪು ಸುಲ್ತಾನನ ಜನ್ಮಸ್ಥಳವಾದ ದೇವನಹಳ್ಳಿ, ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಪೂರ್ವಜರು ಬಂದು ನೆಲೆಸಿದ ಆವತಿ, ವೆಂಕಟಗಿರಿಕೋಟೆ. ಹಿಪ್ಪುನೇರಳೆಯ ತೋಟ, ದ್ರಾಕ್ಷಿಯ ಚಪ್ಪರ, ಕೆಮ್ಮಣ್ಣು, ಬಂಡೆಗುಡ್ಡಗಳು ಒಂದರ ಹಿಂದೊಂದು ಸರಿಯುತ್ತವೆ. ಕೊನೆಗೆ ನಂದಿ ಹಾಲ್ಟ್ ಬರುತ್ತದೆ.

ಅಲ್ಲಿ ಇಳಿದು ಕಣ್ಣೆತ್ತಿದರೆ ನಂದಿಬೆಟ್ಟ. ತಪ್ಪಲಿನ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಪ್ರಾಚೀನ ದೇಗುಲ, ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರ. ಮಹಾತ್ಮ ಗಾಂಧಿಯವರು 1927ರಲ್ಲಿ ಆರೋಗ್ಯ ಸುಧಾರಣೆಗಾಗಿ ತಂಗಿದ್ದುದು ಇದೇ ಬೆಟ್ಟದಲ್ಲಿ. ಅರ್ಕಾವತಿ, ದಕ್ಷಿಣ ಪಿನಾಕಿನಿಗಳು ಮೈದಳೆಯುವ ಸೀಮೆಯಿದು. ಹೊಸಕೋಟೆಯ ಕೆರೆಯನ್ನು ತುಂಬಿ ವೈಟ್‌ಫೀಲ್ಡಿನ ಸಮೀಪದಲ್ಲಿ ಹರಿದುಹೋಗುವ ದಕ್ಷಿಣ ಪಿನಾಕಿನಿಯು ಇಲ್ಲಿಂದ ಬಂದವಳು ಎಂಬುದನ್ನು ಅಲ್ಲಿಯ ಬಹುಮಹಡಿ ಮನೆಗಳ ಮಕ್ಕಳಿಗೆ ತಿಳಿಸಿ ಹೇಳುವವರು ಬೇಕಾಗಿದ್ದಾರೆ. ಇಂದು ಬಹುತೇಕ ಪ್ರವಾಸಿಗರು ಕಾರುಗಳಲ್ಲಿ ಬೆಳಗಿನ ಜಾವಕ್ಕೇ ಹೊರಟು, ಬೆಟ್ಟದ ಬುಡದಲ್ಲಿ ಸಾಲುಗಟ್ಟಿ ನಿಂತು, ಮಂಜನ್ನು ಕಂಡು ಹಿಂತಿರುಗುತ್ತಾರೆ. ರೈಲಿನಲ್ಲಿ ಹೋದ ಕುಟುಂಬಕ್ಕೆ ಮಂಜಿನ ಜೊತೆಗೆ ನಾಡೂ ಕಾಣುತ್ತದೆ.

ನಮ್ಮಿಂದ ಆಗಬಹುದಾದುದೇನೆಂಬುದನ್ನು ಈಗ ಸ್ಪಷ್ಟವಾಗಿ ಹೇಳಬೇಕು.

ಮೊದಲನೆಯದು, ಪ್ರಯಾಣ. ರೈಲು ಬದುಕುವುದು ಟಿಕೆಟ್ಟಿನಿಂದ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ನಮ್ಮ ಬಸವ ಬಳಗಗಳೂ ಅಕ್ಕನ ಬಳಗಗಳೂ ವರ್ಷಕ್ಕೊಮ್ಮೆ ಬಸ್ಸು ಗೊತ್ತುಮಾಡಿ ಪ್ರವಾಸ ಹೊರಡುವುದುಂಟು. ಅಂತಹ ಒಂದು ಪ್ರವಾಸವನ್ನು ಈ ದಾರಿಗೆ ಮೀಸಲಿಡಲಿ. ರೈಲಿನ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು, ಬುತ್ತಿ ಕಟ್ಟಿಕೊಂಡು ಹೋಗಲಿ. ಉಂಡ ಎಲೆಯನ್ನೂ ಕುಡಿದ ಬಾಟಲಿಯನ್ನೂ ಅಲ್ಲಿ ಬಿಡದೆ ಹಿಂದಕ್ಕೆ ತರಲಿ.

ಎರಡನೆಯದು, ನಿಲ್ದಾಣದ ಸೇವೆ. ನಿಲ್ದಾಣವು ರೈಲ್ವೆ ಇಲಾಖೆಯ ಸ್ವತ್ತು. ಅಪ್ಪಣೆಯಿಲ್ಲದೆ ಹಳಿಯ ಮೇಲೆ ಕಾಲಿಡುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ ಪ್ರಾಣಾಪಾಯ. ಆದುದರಿಂದ ನಾಲ್ಕಾರು ಕುಟುಂಬಗಳು ಸೇರಿ, ಇಲಾಖೆಯವರನ್ನೂ ಜೀರ್ಣೋದ್ಧಾರದ ಹೊಣೆ ಹೊತ್ತವರನ್ನೂ ಕಂಡು, ಲಿಖಿತ ಅನುಮತಿ ಪಡೆದು ಮುಂದುವರಿಯಬೇಕು. ಬಂದವರಿಗೆ ನಿಲ್ದಾಣದ ಕಥೆ ಹೇಳುವುದು, ಶಾಲೆಯ ಮಕ್ಕಳನ್ನು ಕರೆತಂದು ತೋರಿಸುವುದು, ಬೇಸಿಗೆಯಲ್ಲಿ ಕುಡಿಯುವ ನೀರಿನ ಅರವಟ್ಟಿಗೆ ಇಡುವುದು, ಆವರಣದ ಮರಗಳಿಗೆ ನೀರೆರೆಯುವುದು ಇವೇ ಸಂಬಳಕ್ಕೆ ಸಿಗದ ಕೆಲಸಗಳು. ಮಹಿಳೆಯರನ್ನು ಅಡುಗೆಯ ಹೊಣೆಗಷ್ಟೇ ಸೀಮಿತಗೊಳಿಸದೆ, ಕಥೆ ಹೇಳುವ, ಲೆಕ್ಕ ಇಡುವ, ಮುಂದಾಳಾಗುವ ಸ್ಥಾನಗಳನ್ನು ಅವರಿಗೆ ಕೊಡುವುದು ಅಕ್ಕಮಹಾದೇವಿಯವರ ಪರಂಪರೆಗೆ ತಕ್ಕುದು.

ಮೂರನೆಯದು, ನೆನಪಿನ ಸಂಗ್ರಹ. ಕಟ್ಟಡ ಕುಸಿದರೆ ಮತ್ತೆ ಕಟ್ಟಬಹುದು. ನೆನಪು ಹೋದರೆ ಬಾರದು. ಕಿರಿದಾದ ಹಳಿಯ ರೈಲಿನಲ್ಲಿ ಶಾಲೆಗೆ ಹೋದವರು, ತರಕಾರಿಯ ಬುಟ್ಟಿಗಳನ್ನು ಏರಿಸಿದವರು, ಆ ರೈಲಿನಲ್ಲಿ ದಿಬ್ಬಣ ಹೋದವರು, ಹಳಿಯ ಮೇಲೆ ದುಡಿದವರು ದೇವನಹಳ್ಳಿ, ಶಿಡ್ಲಘಟ್ಟ, ಚಿಂತಾಮಣಿಗಳ ಹಟ್ಟಿ ಮನೆಗಳಲ್ಲಿ ವೃದ್ಧರಾಗಿ ಕುಳಿತಿದ್ದಾರೆ. ಅವರ ಸಂಖ್ಯೆ ದಿನದಿನಕ್ಕೂ ಇಳಿಯುತ್ತಿದೆ. ನಮ್ಮ ಯುವಕ ಯುವತಿಯರ ಕೈಯಲ್ಲಿರುವ ದೂರವಾಣಿಯಲ್ಲಿ ಧ್ವನಿಯನ್ನು ಮುದ್ರಿಸಿಕೊಳ್ಳುವ ಸೌಕರ್ಯವಿದೆ. ಅಜ್ಜ ಅಜ್ಜಿಯರ ಮುಂದೆ ಅದನ್ನಿಟ್ಟು, ವಿನಯದಿಂದ ಕೇಳಿ, ಹೆಸರು, ಊರು, ವರ್ಷಗಳೊಡನೆ ಬರೆದಿಡಬೇಕು. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಟಿಕೆಟ್ಟು, ಚಿತ್ರ, ಸರಕಿನ ರಶೀದಿಗಳಿದ್ದರೆ ಗುಜರಿಗೆ ಹಾಕದೆ ಕಾಪಾಡಬೇಕು. ಶರಣರ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಮನೆಮನೆಗಳಲ್ಲಿ ಉಳಿದುಬಂದುದರಿಂದಲೇ, ಫ.ಗು. ಹಳಕಟ್ಟಿಯವರಂತಹ ಮಹನೀಯರು ಅವುಗಳನ್ನು ಸಂಗ್ರಹಿಸಿ ಲೋಕಕ್ಕೆ ಕೊಡಲು ಸಾಧ್ಯವಾಯಿತು ಎಂಬುದನ್ನು ಮರೆಯಬಾರದು.

ನಾಲ್ಕನೆಯದು, ಎಚ್ಚರ. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಬೆಂಗಳೂರಿನ ಉಪನಗರ ರೈಲು ಯೋಜನೆಗೆ ಒಪ್ಪಿಗೆ ನೀಡಿತು. ಅದರ ನಾಲ್ಕು ದಾರಿಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವುಗಳ ಹೆಸರಿಡಲಾಗಿದೆ. ಪಾರಿಜಾತವು ಕೆಂಗೇರಿ–ವೈಟ್‌ಫೀಲ್ಡ್ ದಾರಿ. ಕನಕವು ಹೀಲಲಿಗೆ–ರಾಜಾನುಕುಂಟೆ ದಾರಿ. ಸಂಪಿಗೆಯು ಯಲಹಂಕದ ಮೂಲಕ ದೇವನಹಳ್ಳಿಯ ದಿಕ್ಕಿಗೆ ಸಾಗುವಂಥದು. ನಿತ್ಯವೂ ರಸ್ತೆಯಲ್ಲಿ ಗಂಟೆಗಟ್ಟಲೆ ನವೆಯುವ ನಮ್ಮ ಮಕ್ಕಳಿಗೆ ಈ ರೈಲುಗಳು ಆದಷ್ಟು ಬೇಗ ಬರಲಿ. ಬರುವಾಗ ದಾರಿಯ ಬದಿಯ ಹಳೆಯ ಕಟ್ಟಡಗಳಿಗೆ ಧಕ್ಕೆಯಾಗದಂತೆ ನೋಡಿಕೊಳ್ಳುವುದು ಅಭಿವೃದ್ಧಿಗೆ ವಿರೋಧವಲ್ಲ. ಮಗನಿಗೆ ಹೊಸ ಮನೆ ಕಟ್ಟಿಸುವವರು ಅಜ್ಜನನ್ನು ಬೀದಿಗೆ ಕಳಿಸುವುದಿಲ್ಲ. ಜನರು ಬಂದುಹೋಗುತ್ತಿರುವ ನಿಲ್ದಾಣವನ್ನು ಕೆಡವಲು ಎಂತಹ ಅಧಿಕಾರಿಯೂ ಹಿಂಜರಿಯುತ್ತಾನೆ. ಯಾರೂ ಕಾಲಿಡದ ಕಟ್ಟಡವು ನಕ್ಷೆಯಲ್ಲಿ ಒಂದು ಚುಕ್ಕೆಯಷ್ಟೇ.

ಇಂತಹ ಕಾರ್ಯಗಳ ಬಗ್ಗೆ ಸಂದೇಹಪಡುವವರೂ ಇದ್ದಾರೆ. ಆರಂಭದಲ್ಲಿ ಐವತ್ತು ಜನ ಬರುತ್ತಾರೆ, ಚಿತ್ರ ತೆಗೆಸಿಕೊಳ್ಳುತ್ತಾರೆ, ಆರು ತಿಂಗಳಿಗೆ ಐದು ಜನ ಉಳಿಯುತ್ತಾರೆ ಎಂಬುದು ಅವರ ಮಾತು. ಆ ಮಾತು ಸುಳ್ಳಲ್ಲ. ಅದಕ್ಕೆ ಉತ್ತರ ನಮ್ಮ ಮಠಗಳ ದಾಸೋಹದ ಮನೆಗಳಲ್ಲಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ನಡೆದಾಡುವ ದೇವರೆನಿಸಿದ ಶ್ರೀ ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳು ದೊರೆಯುವಂತೆ ನೋಡಿಕೊಂಡರು. ಆ ಒಲೆ ಇಂದಿಗೂ ಆರಿಲ್ಲ. ಅದು ಒಂದು ದಿನದ ಉತ್ಸಾಹದಿಂದ ಉರಿಯುವ ಒಲೆಯಲ್ಲ. ಸೌದೆ ತರುವವರು, ತರಕಾರಿ ಹೆಚ್ಚುವವರು, ಬಡಿಸುವವರು, ಪಾತ್ರೆ ತೊಳೆಯುವವರು ತಮ್ಮ ತಮ್ಮ ಸರದಿಯನ್ನು ತಪ್ಪಿಸದೆ ಬರುವುದರಿಂದ ಉರಿಯುವಂಥದು. ಅಲ್ಲಿ ಯಾರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಲ್ಲವೆಂದು ಯಾರೂ ಕೆಲಸ ಬಿಟ್ಟು ಹೋಗುವುದಿಲ್ಲ. ನಿಲ್ದಾಣದ ಸೇವೆಗೂ ಇದೇ ನಿಯಮ ಸಾಕು. ಐವತ್ತು ಜನರ ಒಂದು ದಿನಕ್ಕಿಂತ ಐದು ಜನರ ಐವತ್ತು ಭಾನುವಾರಗಳು ಮೇಲು.

ಇನ್ನೊಂದು ಲಾಭವನ್ನೂ ಹೇಳಬೇಕು. ಹೊರವಲಯದ ನಮ್ಮ ಕುಟುಂಬಗಳಲ್ಲಿ ಬೇರೆ ಬೇರೆ ಜಿಲ್ಲೆಗಳಿಂದ ಬಂದವರಿದ್ದಾರೆ. ಊರು ಬಿಟ್ಟು ಬಂದವರಿಗೆ ಈ ಊರು ತಮ್ಮದೆನಿಸುವುದು ಮನೆ ಕೊಂಡಾಗಲ್ಲ, ಈ ನೆಲಕ್ಕಾಗಿ ಏನನ್ನಾದರೂ ಮಾಡಿದಾಗ. ಮೊರಸುನಾಡಿನ ಒಬ್ಬ ಅಜ್ಜನು ತನ್ನ ರೈಲಿನ ಕಥೆಯನ್ನು ಕಲಬುರಗಿಯ ಒಬ್ಬ ಹುಡುಗನಿಗೆ ಹೇಳಿ, ಆ ಹುಡುಗನು ಅದನ್ನು ಬರೆದಿಟ್ಟ ದಿನ ಇಬ್ಬರಿಗೂ ಒಂದೇ ಊರಾಗುತ್ತದೆ.

ನಿಲ್ದಾಣ ಸ್ಥಾವರ, ಅದಕ್ಕೆ ಹೆಂಚು ಹೊದಿಸಿದವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಅದರ ಮುಂದೆ ನಿಂತು ಹೊರಡುವ ರೈಲು, ಅದರಿಂದ ಇಳಿಯುವ ಮಕ್ಕಳು, ಅವರಿಗೆ ಕಥೆ ಹೇಳುವ ಹಿರಿಯರು, ನೀರು ಕೊಡುವ ಕೈಗಳು ಜಂಗಮ. ನಂದಿಯ ತಪ್ಪಲಿನಲ್ಲಿ ಸ್ಥಾವರವು ಸಿದ್ಧವಾಗುತ್ತಿದೆ. ಜಂಗಮವು ನಮ್ಮ ಮನೆಗಳಿಂದ ಹೊರಡಬೇಕಾಗಿದೆ. ಮುಂದಿನ ಭಾನುವಾರವೇ ಅದಕ್ಕೆ ಸುಮುಹೂರ್ತ.